ವಿಕಲಚೇತನರ ಸಂಸ್ಥೆಗೆ ಆಫೀಸು: ಬಾಡಿಗೆ ಮನೆಯನ್ನು ಎಲ್ಲರಿಗೂ ಒಗ್ಗಿಸುವ ಸಮಗ್ರ ಮಾರ್ಗದರ್ಶಿ

ವಿಕಲಚೇತನರಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳು ಸ್ವಂತ ಕಟ್ಟಡ ಕಟ್ಟಿಸುವುದು ಅಪರೂಪ. ತಾಲ್ಲೂಕು ಕೇಂದ್ರವಿರಲಿ, ಬೆಂಗಳೂರಿನ ಬಡಾವಣೆಯಿರಲಿ, ಹೆಚ್ಚಿನವು ನಡೆಯುವುದು ಬಾಡಿಗೆ ಮನೆಯಲ್ಲೇ. ಹಾಲು ರಿಸೆಪ್ಷನ್ ಆಗುತ್ತದೆ, ಬೆಡ್‌ರೂಮು ಕೌನ್ಸೆಲಿಂಗ್ ಕೋಣೆಯಾಗುತ್ತದೆ, ಅಡುಗೆಮನೆಯ ಸಜ್ಜೆಯ ಮೇಲೆ ಫೈಲುಗಳು ಏರಿ ಕೂರುತ್ತವೆ. ಈ ಮಾರ್ಗದರ್ಶಿ ಅಂಥ ಸಂಸ್ಥೆಗಳಿಗೆ. ಆರ್ಕಿಟೆಕ್ಟ್ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ, ಒಬ್ಬ ಮೇಸ್ತ್ರಿ, ಒಬ್ಬ ಬಡಗಿ, ಒಂದು ಟೇಪು ಇದೆ ಎಂದುಕೊಂಡೇ ಬರೆದಿದ್ದೇನೆ.

ಶುರುವಿಗೆ ಮುಂಚೆ ಒಂದು ಅಳತೆಗೋಲು ಇಟ್ಟುಕೊಳ್ಳಿ. ಬಂದವರು ಯಾರನ್ನೂ ಕೇಳದೆ, ಯಾರ ಕೈಯನ್ನೂ ಹಿಡಿಯದೆ ಐದು ಕೆಲಸ ಮಾಡುವಂತಿರಬೇಕು: ಒಳಗೆ ಬರುವುದು, ಕೂರುವುದು, ನೀರು ಕುಡಿಯುವುದು, ಟಾಯ್ಲೆಟ್‌ಗೆ ಹೋಗುವುದು, ತಮ್ಮ ಮಾತು ಹೇಳಿ ಹೊರಡುವುದು. "ನಮ್ಮ ಹುಡುಗರು ಎತ್ತಿಕೊಂಡು ಬರ್ತಾರೆ ಬಿಡಿ" ಎನ್ನುವವರು ಬಹಳ. ಎತ್ತುವವರಿಗೆ ಅದು ಸೇವೆ ಅನಿಸಬಹುದು. ಎತ್ತಿಸಿಕೊಳ್ಳುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹಾಗನಿಸುವುದಿಲ್ಲ. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಗೊಂದಲ ಬಂದಾಗ ಈ ಐದು ಕೆಲಸಗಳನ್ನೇ ನೋಡಿ ತೀರ್ಮಾನಿಸಿ.

ಮೊದಲ ಹೆಜ್ಜೆ: ಯಾರು ಬರುತ್ತಾರೆ ಎಂದು ಬರೆದುಕೊಳ್ಳಿ

ಆಕ್ಸೆಸಿಬಲ್ ಆಫೀಸು ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ವೀಲ್‌ಚೇರ್ ಬರುತ್ತದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕುಷ್ಠರೋಗದಿಂದ ಗುಣವಾದವರು, ಕುಬ್ಜ ದೇಹದವರು, ಪಾರ್ಕಿನ್ಸನ್ಸ್ ಇರುವವರು, ಹಿಮೋಫಿಲಿಯಾ ಇರುವವರು, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರಲ್ಲಿದ್ದಾರೆ. ಒಬ್ಬೊಬ್ಬರಿಗೂ ಆಫೀಸು ಬೇರೆ ಬೇರೆ ಜಾಗದಲ್ಲಿ ಚುಚ್ಚುತ್ತದೆ.

ಕುಷ್ಠರೋಗದಿಂದ ಗುಣವಾದವರಲ್ಲಿ ಹಲವರಿಗೆ ಬೆರಳಿನ ಸ್ಪರ್ಶ ಹೋಗಿರುತ್ತದೆ. ಬಿಸಿ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟರೆ ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಹಿಡಿ ಇರುವ ಕಪ್ಪು ಇಟ್ಟರೆ ಆಯಿತು. ಹಿಮೋಫಿಲಿಯಾ ಇರುವ ಮಗುವಿಗೆ ಗಾಜಿನ ಟೀಪಾಯಿಯ ಚೂಪು ಮೂಲೆಯೇ ಅಪಾಯ. ಕುಬ್ಜ ದೇಹದವರಿಗೆ ಕುರ್ಚಿಯ ಮೇಲೆ ಕೂತಾಗ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಒಂದು ಕಾಲ್ಮಣೆ ಬೇಕು. ಇನ್ನು ನಮ್ಮ ಊರುಗಳಲ್ಲಿ ನೆಲದ ಮೇಲೆ ತೆವಳಿಕೊಂಡು ಬರುವವರು ಇವತ್ತಿಗೂ ಇದ್ದಾರೆ. ವಿದೇಶಿ ಕೈಪಿಡಿಗಳಲ್ಲಿ ಅವರ ಸುದ್ದಿಯೇ ಇರುವುದಿಲ್ಲ. ಅವರಿಗೆ ಬೇಕಾದದ್ದು ಒಣಗಿದ, ಕಸವಿಲ್ಲದ ನೆಲ ಮತ್ತು ನೆಲದಿಂದ ಒಂದಡಿಯಷ್ಟೇ ಎತ್ತರದ ಒಂದು ಆಸನ.

ನಿಮ್ಮ ಹಾಜರಿ ಪುಸ್ತಕ ನೋಡಿ. ಕಳೆದ ವರ್ಷ ಯಾರು ಯಾರು ಬಂದರು, ಯಾರ ಜೊತೆ ಬಂದರು, ಯಾವುದರಲ್ಲಿ ಬಂದರು ಬರೆಯಿರಿ. ಜೊತೆಗೆ ಬಾರದವರ ಪಟ್ಟಿಯೂ ಬೇಕು. ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ನಿಮ್ಮ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಮತ್ತು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂಗಳಿಗೆ ಫೋನ್ ಮಾಡಿ "ನಮ್ಮ ಆಫೀಸಿಗೆ ಯಾರು ಬರೋಕಾಗ್ತಿಲ್ಲ?" ಎಂದು ಕೇಳಿ. ಉತ್ತರ ಅರ್ಧ ನಕ್ಷೆ ಬರೆದುಕೊಟ್ಟಂತೆ.

ಕಾನೂನಿನ ಮಾತು ಚುಟುಕಾಗಿ. ಈ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸಾರ್ವಜನಿಕರು ಬಂದುಹೋಗುವ ಕಟ್ಟಡಗಳು, ಖಾಸಗಿಯವೂ ಸೇರಿ, ಎಲ್ಲರಿಗೂ ಸುಗಮವಾಗಿರಬೇಕು ಎನ್ನುತ್ತದೆ. ಅಳತೆಗಳಿಗೆ ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ ಇದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸುಗಮ್ಯತೆಯ ನಿಯಮಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದವನ್ನು ಬೇರೆಯಾಗಿ ಗುರುತಿಸಿ ಎಂದು ಅದು ಕೇಂದ್ರಕ್ಕೆ ಹೇಳಿತು. ಮನೆ ಮಾಲೀಕರ ಜೊತೆ ಮಾತಾಡುವಾಗ ಈ ಸಂಗತಿಗಳು ಕೈಯಲ್ಲಿದ್ದರೆ ಒಳ್ಳೆಯದು.

ಎರಡನೇ ಹೆಜ್ಜೆ: ಅಡ್ವಾನ್ಸ್ ಕೊಡುವ ಮುಂಚೆ ಟೇಪು ಹಿಡಿಯಿರಿ

ಕೆಲಸದ ದೊಡ್ಡ ಪಾಲು ಮನೆ ಆರಿಸುವಾಗಲೇ ಮುಗಿಯುತ್ತದೆ, ಇಲ್ಲವೇ ಕೆಡುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿಯಾದ ಮನೆ ಹಿಡಿದರೆ ಮುಂದೆ ಒಡೆದು ಕಟ್ಟುವ ಖರ್ಚು ಉಳಿಯುತ್ತದೆ. ಮೊದಲನೇ ಮಹಡಿಯ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಲಿಫ್ಟ್ ಇದೆ ಎಂದು ನಂಬಿಯೂ ಹೋಗಬೇಡಿ. ಮನೆಗಳ ಲಿಫ್ಟಿನೊಳಗೆ ವೀಲ್‌ಚೇರ್ ಹಿಡಿಸುವುದೇ ಕಷ್ಟ, ಕರೆಂಟು ಹೋದರಂತೂ ಮೇಲಿದ್ದವರು ಮೇಲೆಯೇ.

ನೋಡಲು ಹೋಗುವಾಗ ಬಸ್‌ಸ್ಟಾಪಿನಿಂದಲೇ ನಡೆಯಲು ಶುರು ಮಾಡಿ. ನಿಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಸ್ ಪಾಸಿನಲ್ಲಿ ಬರುವವರು. ಸ್ಟಾಪಿನಿಂದ ಗೇಟಿನವರೆಗೆ ಎಷ್ಟು ಕಡೆ ಚರಂಡಿಯ ಚಪ್ಪಡಿ ಕಿತ್ತಿದೆ, ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ನಿಂತಿದೆ ನೋಡಿ. ದಾರಿಯೇ ಸರಿಯಿಲ್ಲದಿದ್ದರೆ ಒಳಗೆ ಎಷ್ಟು ಚೆಂದ ಮಾಡಿದರೂ ವ್ಯರ್ಥ.

ಗೇಟಿನ ಹತ್ತಿರ ಬಂದಾಗ ಮೆಟ್ಟಿಲು ಎಣಿಸಿ. ಮೂರು ಮೆಟ್ಟಿಲು, ಒಂದೊಂದು 6 ಇಂಚು ಎಂದರೆ ಒಟ್ಟು ಒಂದೂವರೆ ಅಡಿ ಎತ್ತರ. ರ‍್ಯಾಂಪಿನ ಲೆಕ್ಕ 1:12. ಅಂದರೆ ಒಂದಡಿ ಏರಲು 12 ಅಡಿ ಉದ್ದ ಬೇಕು. ಒಂದೂವರೆ ಅಡಿಗೆ 18 ಅಡಿ. ಮೇಲೆ ಕೆಳಗೆ ವೀಲ್‌ಚೇರ್ ತಿರುಗಲು 5 ಅಡಿಯ ಸಮತಟ್ಟು ಜಾಗ ಸೇರಿಸಿದರೆ 28 ಅಡಿ ಆಯಿತು. 30×40 ಸೈಟಿನ ಮುಂಭಾಗದ ಅಗಲವೇ 30 ಅಡಿ. ಮನೆಯ ಪಕ್ಕದ ಓಣಿಯಲ್ಲಿ ಮಾಡೋಣ ಎಂದರೆ ಅದು ಮೂರಡಿ ಅಗಲವಿರುತ್ತದೆ, ರ‍್ಯಾಂಪಿಗೆ ಕನಿಷ್ಠ 4 ಅಡಿ ಬೇಕು. ಆದ್ದರಿಂದ ತಳಪಾಯ ತಗ್ಗಾಗಿರುವ ಮನೆ, ಒಂದೇ ಮೆಟ್ಟಿಲಿರುವ ಮನೆ ಸಿಕ್ಕರೆ ಬಿಡಬೇಡಿ. ಉದ್ದ ಸಾಲದು ಎಂದು ರ‍್ಯಾಂಪನ್ನು ರಸ್ತೆಗೆ ಚಾಚಿದರೆ ನಡೆದು ಹೋಗುವ ಬೇರೆಯವರಿಗೆ ಅಡ್ಡಿ, ಒಂದು ದಿನ ಕಾರ್ಪೊರೇಷನ್‌ನವರು ಬಂದು ಒಡೆಯುವುದೂ ಖಂಡಿತ.

ಅಂಗಳದಲ್ಲಿ ಸಂಪಿನ ಮುಚ್ಚಳ ಎಲ್ಲಿದೆ ನೋಡಿಕೊಳ್ಳಿ. ರ‍್ಯಾಂಪು ಅದರ ಮೇಲೆ ಬಂದರೆ ಟ್ಯಾಂಕರ್ ನೀರು ಹಾಕಿಸುವ ದಿನ ಮಾಲೀಕರಿಗೂ ನಿಮಗೂ ಜಗಳ ಗ್ಯಾರಂಟಿ. ಪಕ್ಕದ ಓಣಿಗೆ ತೆರೆದುಕೊಳ್ಳುವ ಕಿಟಕಿಗಳನ್ನೂ ಗಮನಿಸಿ. ನಮ್ಮ ಮನೆಗಳ ಕಿಟಕಿ ಬಾಗಿಲು ಹೊರಕ್ಕೆ ತೆರೆಯುತ್ತವೆ. ದೃಷ್ಟಿ ಇಲ್ಲದವರು ಬಿಳಿ ಕೋಲು ಹಿಡಿದು ಆ ಓಣಿಯಲ್ಲಿ ಬಂದರೆ ಕೋಲಿಗೆ ಏನೂ ತಾಗುವುದಿಲ್ಲ, ಹಣೆಗೆ ತಾಗುತ್ತದೆ. ಅಂಥ ಕಡೆ ಜಾರುವ ಕಿಟಕಿ ಹಾಕಿಸಿ, ಇಲ್ಲವೇ ಕೆಳಗೆ ಹೂಕುಂಡಗಳ ಸಾಲು ಇಟ್ಟು ಜನ ಗೋಡೆಯಿಂದ ದೂರ ನಡೆಯುವಂತೆ ಮಾಡಿ. ಮೆಟ್ಟಿಲಿನ ಅಡಿಭಾಗದ ಖಾಲಿ ಜಾಗಕ್ಕೂ ಇದೇ ಮಾತು. ತಲೆ ತಾಗುವ ಎತ್ತರದ ಜಾಗ ಮುಚ್ಚಿರಬೇಕು.

ಒಳಗೆ ಹೋದ ಮೇಲೆ ಬಾಗಿಲು ಅಳೆಯಿರಿ. ಚೌಕಟ್ಟಿನ ಅಳತೆ ಲೆಕ್ಕಕ್ಕಿಲ್ಲ, ಬಾಗಿಲು ತೆರೆದಾಗ ಉಳಿಯುವ ಖಾಲಿ ಜಾಗ 90 ಸೆಂ.ಮೀ., ಅಂದರೆ ಮೂರಡಿ ಇರಬೇಕು. ಮುಂಬಾಗಿಲು ಸಾಮಾನ್ಯವಾಗಿ ಪಾಸಾಗುತ್ತದೆ. ಬೆಡ್‌ರೂಮು ಕೂದಲೆಳೆಯಲ್ಲಿ ಫೇಲಾಗುತ್ತದೆ. ಬಚ್ಚಲ ಬಾಗಿಲು ಎರಡೂವರೆ ಅಡಿಯದ್ದು, ಅದು ಫೇಲೇ.

ಈಗ ಮಾಲೀಕರ ಜೊತೆ ಮಾತು. ಒಡೆಯುವುದು, ಕೊರೆಯುವುದು, ಹೊಸಿಲು ತೆಗೆಯುವುದು ಎಲ್ಲ ಬಾಯಿಮಾತಿನಲ್ಲಿ ಬಿಡಬೇಡಿ, ಅಗ್ರಿಮೆಂಟಿನಲ್ಲೇ ಬರೆಸಿ. ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕೇ, ಖರ್ಚು ಯಾರದ್ದು, ಅದೂ ಇರಲಿ. ವರ್ಷವರ್ಷ ಬದಲಾಯಿಸುವ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಇಷ್ಟು ಖರ್ಚು ಮಾಡುವುದು ದಡ್ಡತನ. ಮೂರರಿಂದ ಐದು ವರ್ಷದ ರಿಜಿಸ್ಟರ್ಡ್ ಲೀಸ್ ಕೇಳಿ. ಹೊಸಿಲು ತೆಗೆಯಲು ಕೆಲವರು ಒಪ್ಪುವುದೇ ಇಲ್ಲ, ಪೂಜೆ ಮಾಡುವ ಹೊಸಿಲು ಅಲ್ವಾ. ವಾದ ಬೇಡ. ಎರಡೂ ಬದಿಗೆ ಮರದ ಅಥವಾ ರಬ್ಬರಿನ ಇಳಿಜಾರು ಪಟ್ಟಿ ಕೂರಿಸಿ. ಹೊಸಿಲು ಅಲ್ಲೇ ಇರುತ್ತದೆ, ಚಕ್ರವೂ ದಾಟುತ್ತದೆ. ಒಳಗಿನ ಬಾಗಿಲುಗಳಲ್ಲಿ ಮಾತ್ರ 12 ಮಿ.ಮೀ.ಗಿಂತ ಎತ್ತರದ ಪಟ್ಟಿ ಉಳಿಯದಂತೆ ನೋಡಿಕೊಳ್ಳಿ.

ಮೂರನೇ ಹೆಜ್ಜೆ: ಟಾಯ್ಲೆಟ್, ಅದೂ ರ‍್ಯಾಂಪಿಗಿಂತ ಮೊದಲು

ದುಡ್ಡು ಒಂದೇ ಕೆಲಸಕ್ಕೆ ಇದ್ದರೆ ನನ್ನ ಓಟು ಟಾಯ್ಲೆಟ್ಟಿಗೆ. ರ‍್ಯಾಂಪು ಇಲ್ಲದಿದ್ದರೆ ತಾತ್ಕಾಲಿಕವಾಗಿ ಮಡಚುವ ಅಲ್ಯೂಮಿನಿಯಂ ರ‍್ಯಾಂಪು ಇಟ್ಟು ಕೆಲವು ತಿಂಗಳು ದೂಡಬಹುದು. ಟಾಯ್ಲೆಟ್ಟಿಗೆ ಅಂಥ ದಾರಿಯಿಲ್ಲ. ಹಳ್ಳಿಯಿಂದ ಆಫೀಸಿಗೆ ಬರುವ ದಿನ ಬೆಳಗಿನಿಂದ ನೀರೇ ಕುಡಿಯದೆ ಬರುವ ಹೆಂಗಸರಿದ್ದಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೋ, ಸಾಧನ ಸಲಕರಣೆಗೋ ಮಧ್ಯಾಹ್ನದವರೆಗೆ ಕಾಯಬೇಕು, ಮಧ್ಯೆ ಹೋಗಬೇಕಾದರೆ ಎಲ್ಲಿ ಹೋಗುವುದು ಎಂಬ ಭಯ ಅದು. ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರ ತಡೆಯುವುದು, ನೀರು ಕುಡಿಯದಿರುವುದು ಎರಡೂ ಸೋಂಕಿಗೆ ದಾರಿ.

ಜಾಗ ಸುಮಾರು 2 ಮೀಟರ್‌ಗೆ 2.2 ಮೀಟರ್ ಬೇಕು. ಬಾಡಿಗೆ ಮನೆಯ ಬಾತ್‌ರೂಮು ಅಷ್ಟಿರುವುದಿಲ್ಲ. ಆದರೆ ಹಳೆಯ ಮನೆಗಳಲ್ಲಿ ಬಚ್ಚಲು ಮತ್ತು ಟಾಯ್ಲೆಟ್ ಪಕ್ಕಪಕ್ಕ ಬೇರೆಬೇರೆ ಇರುತ್ತವೆ. ನಡುವಿನದು ಹೆಚ್ಚಾಗಿ ನಾಲ್ಕೂವರೆ ಇಂಚಿನ ಗೋಡೆ. ಅದು ಭಾರ ಹೊರುವ ಗೋಡೆಯಲ್ಲ ಎಂದು ಎಂಜಿನಿಯರ್ ಕೈಯಲ್ಲಿ ಖಾತ್ರಿ ಮಾಡಿಸಿ ತೆಗೆಸಿದರೆ ಒಂದು ಒಳ್ಳೆಯ ಟಾಯ್ಲೆಟ್ ಹುಟ್ಟುತ್ತದೆ. ಇಂಥ ಜೋಡಿ ಇರುವ ಮನೆ ಹುಡುಕುವುದು ಜಾಣತನ.

ಆಮೇಲೆ ಮೇಸ್ತ್ರಿಗೆ ಈ ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಡಿ:

- ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಜಾರಬೇಕು. ಒಳಕ್ಕೆ ತೆರೆಯುವ ಬಾಗಿಲಿದ್ದು ಒಳಗಿದ್ದವರು ಬಿದ್ದರೆ ಹೊರಗಿನವರು ತಳ್ಳಲೂ ಆಗುವುದಿಲ್ಲ.
- ಕಮೋಡಿನ ಆಸನ ನೆಲದಿಂದ 45ರಿಂದ 48 ಸೆಂ.ಮೀ. ಒಂದು ಬದಿ ಗೋಡೆಗೆ ಹತ್ತಿರ, ಇನ್ನೊಂದು ಬದಿಯಲ್ಲಿ ವೀಲ್‌ಚೇರ್ ನಿಲ್ಲಿಸಲು 90 ಸೆಂ.ಮೀ. ಖಾಲಿ.
- ಗೋಡೆಯ ಬದಿಗೆ ಗಟ್ಟಿ ಹಿಡಿಕೆ, ಖಾಲಿ ಬದಿಗೆ ಮೇಲಕ್ಕೆ ಮಡಚುವ ಹಿಡಿಕೆ.
- ವಾಶ್‌ಬೇಸಿನ್ ಕೆಳಗೆ ಕಂಬ ಬೇಡ, ಮೊಣಕಾಲು ಹೋಗುವ ಜಾಗ ಬೇಕು. ನಲ್ಲಿ ತಿರುಗಿಸುವಂಥದ್ದಲ್ಲ, ಒತ್ತುವ ಅಥವಾ ಎತ್ತುವ ಉದ್ದ ಹಿಡಿಯದ್ದು.
- ಚಿಲಕ ದೊಡ್ಡದು, ಮುಷ್ಟಿಯಿಂದಲೂ ಜಾರಿಸುವಂಥದ್ದು. ಸಣ್ಣ ಟವರ್ ಬೋಲ್ಟ್ ಬೇಡವೇ ಬೇಡ.

ಹಿಡಿಕೆಯ ವಿಷಯದಲ್ಲಿ ಒಂದು ಎಚ್ಚರ. ಟವೆಲ್ ಹಾಕುವ ಸ್ಟೀಲ್ ರಾಡನ್ನೇ ಹಿಡಿಕೆ ಎಂದು ಹಾಕಿಬಿಡುವುದು ಎಲ್ಲ ಕಡೆ ಕಾಣುತ್ತದೆ. ಮನುಷ್ಯರು ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ಹಾಲೋ ಬ್ಲಾಕ್ ಗೋಡೆಗೆ ಸಾದಾ ಸ್ಕ್ರೂ ಹಾಕಿದರೆ ಮೂರನೇ ತಿಂಗಳಿಗೆ ಕೈಗೆ ಬರುತ್ತದೆ. ಆ ಜಾಗದಲ್ಲಿ ಗೋಡೆಯನ್ನು ಕಾಂಕ್ರೀಟಿನಿಂದ ತುಂಬಿಸಿ ಆಂಕರ್ ಬೋಲ್ಟ್ ಹಾಕಿಸಿ. ನಂತರ ಇಬ್ಬರು ಜೋತಾಡಿ ನೋಡಿ.

ಬಿಳಿ ಟೈಲ್ಸು, ಬಿಳಿ ಕಮೋಡು, ಹೊಳೆಯುವ ಸ್ಟೀಲ್ ಹಿಡಿಕೆ ಎಲ್ಲ ಸೇರಿದರೆ ಮಂದದೃಷ್ಟಿ ಇರುವವರಿಗೆ ಒಂದೇ ಬಿಳಿ ಮಂಜು. ಕಮೋಡಿನ ಹಿಂದಿನ ಗೋಡೆಗೆ ಗಾಢ ಬಣ್ಣ ಇರಲಿ. ನೆಲ ಒರಟು ಟೈಲ್ಸ್. ಬಚ್ಚಲ ನೆಲ ಹೊರಗಿನ ನೆಲಕ್ಕಿಂತ ಒಂದೆರಡು ಇಂಚು ತಗ್ಗಿರುತ್ತದಲ್ಲ, ಅದನ್ನು ಏರಿಸಿ ಸಮ ಮಾಡಿ, ನೀರು ಮೂಲೆಯ ಜಾಲರಿಗೆ ಹರಿಯುವಷ್ಟು ಸಣ್ಣ ವಾಟ ಬಿಡಿ. ಬಿದ್ದವರ ಕೈಗೂ ಸಿಗುವಂತೆ, ನೆಲದಿಂದ ಒಂದಡಿಯವರೆಗೆ ಇಳಿಬಿದ್ದ ದಾರವಿರುವ ಒಂದು ಕಾಲಿಂಗ್ ಬೆಲ್ ಹಾಕಿ. ಅಂಗಡಿಯ ಸಾದಾ ಬೆಲ್ಲೇ ಸಾಕು, ರಿಸೆಪ್ಷನ್ನಿನಲ್ಲಿ ಸದ್ದಿನ ಜೊತೆ ದೀಪವೂ ಮಿನುಗುವಂತಿರಲಿ.

ಇನ್ನೊಂದು ಟಾಯ್ಲೆಟ್ ಇದ್ದರೆ ಅದನ್ನು ಇಂಡಿಯನ್ ಶೈಲಿಯಲ್ಲೇ ಬಿಟ್ಟು, ಎರಡು ಬದಿ ಹಿಡಿಕೆ ಹಾಕಿಸಿ. ತೆವಳುವವರಲ್ಲಿ ಕೆಲವರಿಗೆ ಎತ್ತರದ ಕಮೋಡಿಗಿಂತ ಅದೇ ಸಲೀಸು. ತೀವ್ರ ಅಂಗವೈಕಲ್ಯ ಇರುವ ದೊಡ್ಡ ಮಕ್ಕಳಿಗೆ ಡೈಪರ್ ಬದಲಿಸಲು ಒಂದು ಗಟ್ಟಿ ಮಂಚವೂ ಎಲ್ಲಾದರೂ ಬಾಗಿಲು ಹಾಕಿಕೊಳ್ಳುವ ಕೋಣೆಯಲ್ಲಿ ಇರಲಿ. ಹದಿನಾರು ವರ್ಷದ ಮಗನನ್ನು ತಾಯಿಯೊಬ್ಬಳು ಕಾರಿಡಾರಿನ ನೆಲದ ಮೇಲೆ ಮಲಗಿಸಿ ಬದಲಿಸುವಂತಾಗಬಾರದು.

ನಾಲ್ಕನೇ ಹೆಜ್ಜೆ: ಗೇಟಿನಿಂದ ಬಾಗಿಲಿಗೆ

ರ‍್ಯಾಂಪಿನ ಲೆಕ್ಕ ಆಗಲೇ ಹೇಳಿದೆ. 1:12 ಎಂಬುದು ಅತಿ ಕಡಿದಾದ ಮಿತಿ, ಜಾಗವಿದ್ದರೆ 1:15 ಮಾಡಿ, ತಳ್ಳುವವರಿಗೂ ಉಸಿರು ಉಳಿಯುತ್ತದೆ. ಉದ್ದ ಜಾಸ್ತಿಯಾದರೆ ನಡುವೆ ಒಂದು ಸಮತಟ್ಟು. ಎರಡೂ ಬದಿಗೆ ಹಿಡಿಗಂಬಿ, ಎರಡು ಎತ್ತರದಲ್ಲಿ: ದೊಡ್ಡವರಿಗೆ ಸುಮಾರು 90 ಸೆಂ.ಮೀ., ಮಕ್ಕಳಿಗೂ ಕುಬ್ಜ ದೇಹದವರಿಗೂ 75 ಸೆಂ.ಮೀ. ಹತ್ತಿರ. ಕಂಬಿ ರ‍್ಯಾಂಪು ಮುಗಿದ ಮೇಲೂ ಒಂದಡಿ ಮುಂದೆ ಹೋಗಲಿ. ಅಂಚಿನಲ್ಲಿ ನಾಲ್ಕು ಇಂಚಿನ ಸಣ್ಣ ಕಟ್ಟೆ ಇದ್ದರೆ ಚಕ್ರ ಜಾರಿ ಕೆಳಗೆ ಬೀಳುವುದಿಲ್ಲ.

ಮೇಲ್ಮೈಗೆ ಗ್ರಾನೈಟ್ ಹಾಕುತ್ತೇವೆ ಎಂದು ಮಾಲೀಕರು ಉದಾರವಾಗಿ ಹೇಳಬಹುದು. ಪಾಲಿಶ್ ಮಾಡಿದ ಕಲ್ಲು ಮಳೆಗೆ ಗಾಜಿನಂತೆ ಜಾರುತ್ತದೆ. ಹಸಿ ಸಿಮೆಂಟಿನ ಮೇಲೆ ಕಡ್ಡಿ ಪೊರಕೆಯನ್ನು ಅಡ್ಡಡ್ಡ ಎಳೆದರೆ ಸಿಗುವ ಸಣ್ಣ ಗೀರುಗಳೇ ಎಲ್ಲಕ್ಕಿಂತ ಒಳ್ಳೆಯದು, ಅಗ್ಗವೂ ಹೌದು. ಆಳವಾದ ಗೆರೆ ಬೇಡ, ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್ ಕಳೆದರೆ ಪಾಚಿ ಕಟ್ಟುತ್ತದೆ, ಮೇಲೆ ಶೀಟು ಹಾಕಿಸಿ. ಮೆಟ್ಟಿಲನ್ನು ತೆಗೆದುಬಿಡಬೇಡಿ. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿದವರಿಗೂ, ಜೈಪುರ ಕಾಲು ಎಂಬ ಕೃತಕ ಕಾಲಿನವರಿಗೂ ಇಳಿಜಾರಿಗಿಂತ ಹಿಡಿಗಂಬಿ ಇರುವ ಮೆಟ್ಟಿಲೇ ಎಷ್ಟೋ ಸಲ ಸುಲಭ. ಮೆಟ್ಟಿಲಿನ ಅಂಚಿಗೆ ಎರಡು ಇಂಚು ಹಳದಿ ಪಟ್ಟಿ ಬಳಿಯಿರಿ.

ಗೇಟಿನಿಂದ ಬಾಗಿಲಿಗೆ ಸ್ಪರ್ಶ ಟೈಲ್ಸ್ ಹಾಕುವುದಾದರೆ ನಿಯಮ ಸರಳ: ಉದ್ದ ಗೆರೆಯ ಟೈಲ್ಸ್ ಎಂದರೆ ಹೀಗೆ ಹೋಗಿ, ಚುಕ್ಕೆಯ ಟೈಲ್ಸ್ ಎಂದರೆ ನಿಲ್ಲಿ, ಎಚ್ಚರ. ಚೆಂದಕ್ಕೆಂದು ಅದಲು ಬದಲು ಹಾಕಿದರೆ ದೃಷ್ಟಿ ಇಲ್ಲದವರಿಗೆ ಸುಳ್ಳು ಹೇಳಿದ ಹಾಗೆ. ಮರ, ಕಂಬ, ತುಳಸಿಕಟ್ಟೆಗೆ ಗೆರೆಯನ್ನು ನೇರ ಒಯ್ದು ಡಿಕ್ಕಿ ಹೊಡೆಸುವ ಟೈಲ್ಸ್ ಸಾಲುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಪಕ್ಕದ ಚಕ್ರ ಜೋಡಿಸಿದ ಸ್ಕೂಟರ್‌ಗಳಿಗೂ, ಕೈಯಿಂದ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್‌ಗಳಿಗೂ ನೆರಳಿರುವ ಜಾಗ ಬಿಡಿ. ಮೂರು ಚಕ್ರದ ಸೈಕಲ್ ಒಳಗೆ ಬರುವುದಿಲ್ಲ. ಅಲ್ಲಿ ಇಳಿದವರು ಬಾಗಿಲವರೆಗೆ ತೆವಳಬಾರದು ಎಂದರೆ ಗೇಟಿನ ಹತ್ತಿರವೇ ಆಫೀಸಿನ ಒಂದು ವೀಲ್‌ಚೇರ್, ಗಾಳಿ ತುಂಬಿ, ಬ್ರೇಕ್ ಸರಿಮಾಡಿ, ಸಿದ್ಧವಾಗಿರಬೇಕು.

ಚಪ್ಪಲಿಯ ಮಾತನ್ನೂ ಇಲ್ಲೇ ಹೇಳಬೇಕು. ಬಾಗಿಲಲ್ಲಿ ಚಪ್ಪಲಿ ಬಿಡುವ ಪದ್ಧತಿ ನಿಮ್ಮಲ್ಲಿದ್ದರೆ ಕೈಬಿಡಿ. ಕ್ಯಾಲಿಪರ್ ಶೂಗೇ ಜೋಡಿಸಿರುತ್ತದೆ, ಬಿಚ್ಚಿದರೆ ನಿಲ್ಲಲಾಗದು. ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳಿಗೆ ಬಿಳಿ ಕೋಲೂ ಸಿಕ್ಕಿಕೊಳ್ಳುತ್ತದೆ, ವೀಲ್‌ಚೇರೂ ಸಿಕ್ಕಿಕೊಳ್ಳುತ್ತದೆ. ಜಾರುವ ಡೋರ್‌ಮ್ಯಾಟನ್ನೂ ಅದರ ಜೊತೆಗೇ ಕಳಿಸಿಬಿಡಿ.

ಐದನೇ ಹೆಜ್ಜೆ: ಕಾಯುವ ಜಾಗ

ರಿಸೆಪ್ಷನ್ ಮೇಜು 75ರಿಂದ 80 ಸೆಂ.ಮೀ. ಎತ್ತರ, ಕೆಳಗೆ ಮೊಣಕಾಲಿಗೆ ಜಾಗ. ಬ್ಯಾಂಕಿನಂಥ ಎತ್ತರದ ಕೌಂಟರ್ ಕಟ್ಟಿಸಬೇಡಿ. ಕುರ್ಚಿಗಳು ಒಂದೇ ಥರ ಇದ್ದರೆ ಫೋಟೋಗೆ ಚೆಂದ, ಮೈಗಲ್ಲ. ಕೈಯಿರುವವು ಕೆಲವು, ಕೈಯಿಲ್ಲದವು ಕೆಲವು, ಒಂದೆರಡು ಎತ್ತರದವು, ಒಂದು ತಗ್ಗಿನ ದಿವಾನ, ನಡುವೆ ವೀಲ್‌ಚೇರ್ ನಿಲ್ಲಲು ಖಾಲಿ ಜಾಗ. ಖಾಲಿ ಜಾಗ ಸಾಲಿನ ಕೊನೆಯಲ್ಲಲ್ಲ, ನಡುವೆ. ಗಂಡ ಹೆಂಡತಿ ಬಂದರೆ ಪಕ್ಕಪಕ್ಕ ಇರಬೇಕು ತಾನೆ. ತಿರುಗಲು 1.5 ಮೀಟರ್ ವ್ಯಾಸದ ದುಂಡು ಜಾಗ, ಅಂದರೆ ಎತ್ತ ಅಳೆದರೂ 5 ಅಡಿ, ಪ್ರತಿ ಕೋಣೆಯಲ್ಲೂ ಉಳಿಸಿ. ಓಡಾಡುವ ದಾರಿ 4 ಅಡಿ.

ಕುರ್ಚಿ, ಮೇಜಿನ ಜಾಗವನ್ನು ವಾರಕ್ಕೊಮ್ಮೆ ಬದಲಿಸುವ ಖಯಾಲಿ ಬೇಡ. ದೃಷ್ಟಿ ಇಲ್ಲದ ಸಿಬ್ಬಂದಿ ತಲೆಯಲ್ಲೇ ನಕ್ಷೆ ಇಟ್ಟುಕೊಂಡಿರುತ್ತಾರೆ. ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲವೇ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಅಂಚು ಮುಖಕ್ಕೆ ಹೊಡೆಯುತ್ತದೆ. ಬೆಳಗ್ಗೆ ನೆಲ ಒರೆಸುವ ಕೆಲಸ ಆಫೀಸು ತೆರೆಯುವ ಒಂದು ಗಂಟೆ ಮುಂಚೆಯೇ ಮುಗಿಯಲಿ. ಒದ್ದೆ ವಿಟ್ರಿಫೈಡ್ ಟೈಲ್ಸ್ ಮೇಲೆ ಊರುಗೋಲು ಜಾರಿದರೆ ಸೊಂಟ ಮುರಿಯುತ್ತದೆ.

ಸದ್ದಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬರಿ ಗೋಡೆ, ಬರಿ ನೆಲ ಇರುವ ಹಾಲಿನಲ್ಲಿ ಮಾತು ಗುಂಯ್ ಎನ್ನುತ್ತದೆ. ಶ್ರವಣ ಸಾಧನ ಹಾಕಿದವರಿಗೆ ಫ್ಯಾನಿನ ಗರಗರ, ಟಿವಿ, ಪಕ್ಕದವರ ಮಾತು ಎಲ್ಲ ಒಂದೇ ಜೋರಿನಲ್ಲಿ ಕೇಳುತ್ತದೆ. ದಪ್ಪ ಪರದೆ, ಗೋಡೆಗೆ ಬಟ್ಟೆ ಹೊದಿಸಿದ ಬೋರ್ಡು, ಪುಸ್ತಕದ ಕಪಾಟು ಇವಿಷ್ಟರಿಂದಲೇ ಸದ್ದು ಸಾಕಷ್ಟು ಇಳಿಯುತ್ತದೆ. ಕಾಯುವ ಜಾಗದ ಟಿವಿ ಆರಿಸಿಬಿಡಿ. ಮಿಟುಕುವ ಹಳೆಯ ಟ್ಯೂಬ್‌ಲೈಟು ತೆಗೆಯಿರಿ, ಆಟಿಸಂ ಇರುವ ಮಕ್ಕಳಿಗೆ ಅದು ಹಿಂಸೆ. ರಿಸೆಪ್ಷನ್ನಿನವರು ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಬೆಳಕು ಹಿಂದಿನಿಂದ ಬಂದರೆ ಮುಖ ಕಪ್ಪಾಗಿ, ತುಟಿ ನೋಡಿ ಮಾತು ತಿಳಿಯುವವರಿಗೆ ಏನೂ ಕಾಣುವುದಿಲ್ಲ.

ನೀರಿನ ಫಿಲ್ಟರು ಕಟ್ಟೆಯ ಮೂಲೆಯಲ್ಲಿ ಎತ್ತರದಲ್ಲಿ ಬೇಡ. ನಲ್ಲಿ 80 ಸೆಂ.ಮೀ. ಹತ್ತಿರ ಇರಲಿ, ಪಕ್ಕದಲ್ಲಿ ಹಿಡಿಯಿರುವ ಲೋಟ, ಒಂದಿಷ್ಟು ಬಗ್ಗುವ ಸ್ಟ್ರಾ. ಸ್ವಿಚ್ಚುಗಳು 90ರಿಂದ 120 ಸೆಂ.ಮೀ. ಎತ್ತರದ ಒಳಗೆ, ಗೋಡೆಯ ಬಣ್ಣಕ್ಕೆ ಎದ್ದು ಕಾಣುವ ಬಣ್ಣದಲ್ಲಿ.

ಆರನೇ ಹೆಜ್ಜೆ: ಮಾತಾಡುವ ಕೋಣೆ, ಸುಮ್ಮನಿರುವ ಕೋಣೆ

ಸಂಸ್ಥೆಗೆ ಬರುವವರು ಹೇಳುವುದು ಮನೆಯ ಒಳಗಿನ ಸಂಗತಿ. ಮದುವೆ, ಹೊಡೆತ, ಆಸ್ತಿ, ಪಿಂಚಣಿ ಕಿತ್ತುಕೊಳ್ಳುವ ಅಣ್ಣ. ಹಾಲಿನ ಮೂಲೆಯಲ್ಲಿ ಮೇಜು ಹಾಕಿ ಇದನ್ನೆಲ್ಲ ಕೇಳಿಸಿಕೊಳ್ಳಲಾಗದು. ಬಾಗಿಲು ಮುಚ್ಚುವ ಒಂದು ಕೋಣೆ ಬೇಕೇ ಬೇಕು. ಬಾಗಿಲಲ್ಲಿ ಉದ್ದನೆಯ ಗಾಜಿನ ಪಟ್ಟಿ ಇರಲಿ. ಕಿವುಡರು ಬಾಗಿಲು ತಟ್ಟುವ ಮುಂಚೆ ಒಳಗೆ ನೋಡಬಹುದು, ಒಳಗಿದ್ದವರಿಗೂ ರಕ್ಷಣೆ. ಮೇಜು ದುಂಡಗಿದ್ದರೆ ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ ಎಲ್ಲರ ಕೈಯೂ ಕಾಣುತ್ತದೆ. ಹಿಂದಿನ ಗೋಡೆ ಒಂದೇ ಬಣ್ಣದ್ದು, ಹೂಬಳ್ಳಿಯ ವಾಲ್‌ಪೇಪರ್ ಬೇಡ. ಇಂಟರ್‌ಪ್ರಿಟರ್ ಊರಲ್ಲಿಲ್ಲದಿದ್ದರೆ ವಿಡಿಯೊ ಕಾಲ್ ಮಾಡಲು ಒಂದು ದೊಡ್ಡ ಪರದೆ, ಒಳ್ಳೆಯ ಇಂಟರ್ನೆಟ್ ಇಲ್ಲೇ ಇರಲಿ.

ಇನ್ನೊಂದು ಸಣ್ಣ ಜಾಗ, ಸ್ಟೋರ್ ರೂಮಿನಷ್ಟಿದ್ದರೂ ಸಾಕು, ಮಂದ ಬೆಳಕು, ಮೆತ್ತನೆ ಹಾಸು. ಗಲಾಟೆ ತಾಳಲಾಗದ ಮಗು, ಫಿಟ್ಸ್ ಬಂದು ಸುಸ್ತಾದವರು, ಅತ್ತು ಮುಗಿಸಬೇಕಾದ ತಾಯಿ ಇಲ್ಲಿ ಕೂರಬಹುದು. ಇದಕ್ಕೆ ಹೆಸರೇ ಬೇಡ, ಬಾಗಿಲ ಮೇಲೊಂದು ಚಿತ್ರ ಸಾಕು.

ಸಿಬ್ಬಂದಿಯ ಜಾಗವನ್ನು ಮರೆಯುವ ಸಂಸ್ಥೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಿಸೆಪ್ಷನ್ ಮಾತ್ರ ಸುಗಮ, ಅಕೌಂಟ್ಸ್ ಮತ್ತು ಡೈರೆಕ್ಟರ್ ಕೋಣೆ ಮಹಡಿಯ ಮೇಲೆ. ಅಂದರೆ ವಿಕಲಚೇತನರು ಫಲಾನುಭವಿಗಳಾಗಬಹುದು, ಡೈರೆಕ್ಟರ್ ಆಗಲಾರರು ಎಂದು ಕಟ್ಟಡವೇ ಹೇಳುತ್ತಿದೆ. ಬೋರ್ಡ್ ಮೀಟಿಂಗ್ ಕೋಣೆಯೂ, ಊಟದ ಜಾಗವೂ, ಫೈಲಿನ ಕಪಾಟೂ ಅದೇ ಅಳತೆಗೆ ಬರಲಿ. ಕಂಪ್ಯೂಟರಿಗೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಒಂದು ಷರತ್ತು: ಫೈಲುಗಳು ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿ ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಏಳನೇ ಹೆಜ್ಜೆ: ಬೋರ್ಡು ಮತ್ತು ಬೆಂಕಿ

ಬೋರ್ಡುಗಳಲ್ಲಿ ದೊಡ್ಡ ಕನ್ನಡ ಅಕ್ಷರ, ಚಿತ್ರ, ಕೆಳಗೆ ಬ್ರೈಲ್. ಒತ್ತಕ್ಷರಗಳು ಸಣ್ಣದಾಗಿ ಕೆಳಗೆ ಕೂರುವುದರಿಂದ ಕನ್ನಡಕ್ಕೆ ಇಂಗ್ಲಿಷಿಗಿಂತ ದೊಡ್ಡ ಅಳತೆ ಬೇಕು. ಅಲಂಕಾರದ ಫಾಂಟು ಬೇಡ. ಬಾಗಿಲಿನ ಮೇಲಲ್ಲ, ಚಿಲಕದ ಬದಿಯ ಗೋಡೆಯಲ್ಲಿ, ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಹಾಕಿ, ಬೆರಳಿಗೆ ಸಿಗಬೇಕು. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡ ಹಲವರಿಗೆ ಬ್ರೈಲ್ ಬಾರದು, ಅವರಿಗೆ ಉಬ್ಬಿದ ಅಕ್ಷರವೂ, ರಿಸೆಪ್ಷನ್ನಿನವರ ಬಾಯಿಮಾತೂ ಬೇಕು.

ಬೆಂಕಿಯ ಅಲಾರಂ ಕೂಗುವುದರ ಜೊತೆಗೆ ಮಿನುಗಬೇಕು, ಟಾಯ್ಲೆಟ್ಟಿನ ಒಳಗೂ. ಹಿಂಬಾಗಿಲಿಗೂ ಒಂದು ರ‍್ಯಾಂಪು ಇರಲಿ, ಹೊರಹೋಗಲು ಎರಡು ದಾರಿ ಆಗುತ್ತದೆ. ಯುಪಿಎಸ್‌ನಲ್ಲಿ ಎಲೆಕ್ಟ್ರಿಕ್ ವೀಲ್‌ಚೇರ್ ಚಾರ್ಜ್ ಮಾಡುವ ಒಂದು ಪಾಯಿಂಟು ಇಡಿ.

ಎಂಟನೇ ಹೆಜ್ಜೆ: ಬಳಸುವವರಿಂದಲೇ ಪರೀಕ್ಷೆ

ಕೆಲಸ ಅರ್ಧ ಆದಾಗ ಒಮ್ಮೆ, ಮುಗಿಯುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ. ನಡೆಯಬಲ್ಲವರು ಒಂದು ಗಂಟೆ ವೀಲ್‌ಚೇರಿನಲ್ಲಿ ಕೂತು "ಅನುಭವ" ಪಡೆಯುವ ಆಟ ಬೇಡ. ದಿನಾ ಬಳಸುವವರಿಗೆ ಗೊತ್ತಿರುವುದು ಅದರಲ್ಲಿ ಸಿಗುವುದಿಲ್ಲ. ವೀಲ್‌ಚೇರಿನವರು, ಬಿಳಿ ಕೋಲಿನವರು, ಕಿವುಡರು, ಊರುಗೋಲಿನವರು, ಬುದ್ಧಿಮಾಂದ್ಯ ಮಗುವಿನ ತಾಯಿ ಹೀಗೆ ಒಂದಿಷ್ಟು ಜನರನ್ನು ಕರೆಯಿರಿ. ಬಸ್ ಚಾರ್ಜು, ಊಟ, ಆ ದಿನದ ಕೂಲಿ ಕೊಡಿ. ಆರ್ಕಿಟೆಕ್ಟ್ ಆಗಿದ್ದರೆ ಫೀಸು ಕೊಡುತ್ತಿರಲಿಲ್ಲವೇ? ಅವರ ಹಿಂದೆ ಮುಂದೆ ಓಡಾಡದೆ, ಸಹಾಯ ಮಾಡದೆ, ಆ ಐದು ಕೆಲಸ ಮಾಡಲು ಬಿಡಿ. ಎಲ್ಲಿ ನಿಂತರು, ಎಲ್ಲಿ ಕೇಳಿದರು ಬರೆದುಕೊಳ್ಳಿ. ಮೇಸ್ತ್ರಿಯೂ ಅಲ್ಲಿರಲಿ. ನೀವು ಹತ್ತು ಸಲ ಹೇಳಿದರೂ ಒಪ್ಪದ ಇಳಿಜಾರನ್ನು ಒಬ್ಬರು ಏರಲಾಗದೆ ಹಿಂದೆ ಜಾರಿದ್ದನ್ನು ನೋಡಿದ ಕೂಡಲೇ ಅವರೇ ಒಡೆದು ಕಟ್ಟುತ್ತಾರೆ.

ದುಡ್ಡಿಗೆ ಹತ್ತಿರದ ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಇಡುವ ಹಣ, ಕೇಳಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಕಲಚೇತನರ ಶಿಕ್ಷಣ, ಕೌಶಲ, ಜೀವನೋಪಾಯದ ಕೆಲಸಗಳಿಗೆ ಜಾಗವಿದೆ. "ಆಫೀಸು ರಿಪೇರಿ" ಎಂದು ಬರೆದರೆ ಯಾರೂ ಕೊಡುವುದಿಲ್ಲ. ಇಲ್ಲಿ ಯಾವ ತರಬೇತಿ ನಡೆಯುತ್ತದೆ, ಯಾರು ಈಗ ಬರಲಾಗುತ್ತಿಲ್ಲ ಎಂದು ಬರೆಯಿರಿ. ಮೊದಲ ಹೆಜ್ಜೆಯ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂಬತ್ತನೇ ಹೆಜ್ಜೆ: ಇದ್ದದ್ದು ಇದ್ದ ಹಾಗೇ ಉಳಿಯಬೇಕು

ಎಲ್ಲ ಸರಿಮಾಡಿದ ಆರು ತಿಂಗಳಿಗೆ ದೊಡ್ಡ ಟಾಯ್ಲೆಟ್ಟಿನಲ್ಲಿ ಪೊರಕೆ, ಬಕೆಟ್ಟು, ಫಿನಾಯಿಲ್, ಕಳೆದ ಶಿಬಿರದ ಬ್ಯಾನರು ಸೇರಿಕೊಳ್ಳುತ್ತವೆ. ಜಾಗ ಖಾಲಿ ಕಂಡರೆ ತುಂಬುವುದು ಮನುಷ್ಯ ಸ್ವಭಾವ. ಆಮೇಲೆ ಅದಕ್ಕೆ ಬೀಗ, ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಟೀ ಕುಡಿಯಲು ಹೋಗಿರುತ್ತಾರೆ. ಹೀಗಾಗದಂತೆ ಪೊರಕೆಗೆ ಮೊದಲೇ ಬೇರೆ ಕಪಾಟು ಮಾಡಿಸಿ. ಟಾಯ್ಲೆಟ್ಟಿಗೆ ಬೀಗವೇ ಹಾಕಬೇಡಿ. ರ‍್ಯಾಂಪಿನ ಬುಡದಲ್ಲಿ ಬೈಕು ನಿಲ್ಲಿಸದಂತೆ ಎರಡು ಕುಂಡ ಇಡಿ, ಆದರೆ ನಡುವೆ ಮೂರಡಿಗಿಂತ ಜಾಸ್ತಿ ಬಿಟ್ಟು. ತಿಂಗಳಿಗೊಮ್ಮೆ ಒಬ್ಬರು ಹಿಡಿಕೆ ಎಳೆದು, ಬೆಲ್ ಒತ್ತಿ, ಟಾಯ್ಲೆಟ್ ಬಾಗಿಲು ಪೂರ್ತಿ ತೆರೆದು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಲಿ. ಆ ಒಬ್ಬರು ಅದನ್ನು ನಿಜವಾಗಿ ಬಳಸುವವರಾಗಿದ್ದರೆ ಉತ್ತಮ.

ಹೊಸದಾಗಿ ಸೇರಿದ ಸಿಬ್ಬಂದಿಗೆ ಮೊದಲ ದಿನವೇ ಒಂದೆರಡು ಮಾತು ಹೇಳಿಕೊಡಿ. ಜೊತೆಗೆ ಬಂದವರನ್ನಲ್ಲ, ಬಂದವರನ್ನೇ ನೋಡಿ ಮಾತಾಡಿ, ವಯಸ್ಸಾದವರಾದರೆ ಬಹುವಚನ. ಕೇಳದೆ ವೀಲ್‌ಚೇರ್ ಮುಟ್ಟಬೇಡಿ. ದೃಷ್ಟಿ ಇಲ್ಲದವರ ಕೋಲು ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ.

ಕೊನೆಗೆ, ಬರುವವರಿಗೆ ಮನೆಯಲ್ಲೇ ಗೊತ್ತಾಗುವಂತೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಒಂದು ಸಣ್ಣ ಸಂದೇಶ, ಒಂದು ಆಡಿಯೊ, ಗೇಟು ಮತ್ತು ಟಾಯ್ಲೆಟ್ಟಿನ ಎರಡು ಫೋಟೋ ಸಿದ್ಧವಿರಲಿ. ಬಸ್‌ಸ್ಟಾಪಿನಿಂದ ಎಷ್ಟು ದೂರ, ಎಡಕ್ಕೋ ಬಲಕ್ಕೋ, ಬಾಗಿಲು ಎಷ್ಟು ಅಗಲ, ಸನ್ನೆ ಭಾಷೆ ಬಲ್ಲವರು ಯಾವ ದಿನ ಇರುತ್ತಾರೆ ಎಲ್ಲ ಅದರಲ್ಲಿರಲಿ. ಇಲ್ಲದ್ದನ್ನೂ ಬರೆಯಿರಿ: "ಹಿಂಬದಿಯ ರ‍್ಯಾಂಪು ಇನ್ನೂ ಆಗಿಲ್ಲ", "ಈ ವಾರ ನೀರಿನ ತೊಂದರೆ ಇದೆ" ಎಂದು. ಎಪ್ಪತ್ತು ಕಿಲೋಮೀಟರ್ ದೂರದಿಂದ ಮಗಳನ್ನು ಹೊತ್ತುಕೊಂಡು ಬರುವವರು ಹೊರಡುವ ಮುಂಚೆ ಅದನ್ನು ತಿಳಿದಿರಬೇಕು.